ಸರ್ಕಾರದ ಬದಲಾವಣೆ ಮತ್ತು ಸೋಲಿಗರ ರಾಜಕೀಯ ಆತಂಕಗಳು

ಸೋಲಿಗರು ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟ ಮತ್ತು ಮಲೆ ಮಹದೇಶ್ವರ ಬೆಟ್ಟದ ಸಾಲುಗಳಲ್ಲಿ ನೆಲೆಸಿರುವ ಆದಿವಾಸಿ ಸಮುದಾಯ. ಗಡಿಯಾಚೆ ತಮಿಳುನಾಡಿನ ಸತ್ಯಮಂಗಲದ ಕಾಡುಗಳಲ್ಲೂ ಇವರಿದ್ದಾರೆ. ಇವರ ಸೋಲಿಗ ನುಡಿ ಕನ್ನಡಕ್ಕೆ ತೀರಾ ಹತ್ತಿರದ್ದು. ಬಿಳಿಗಿರಿ ರಂಗನಾಥ ತಮ್ಮ ಕುಲದ ಹೆಣ್ಣು ಕುಸುಮಾಲೆಯನ್ನು ಮದುವೆಯಾದವನು, ಆದ್ದರಿಂದ ದೇವರು ತಮಗೆ ಭಾವ ಎಂಬುದು ಇವರ ನಂಬಿಕೆ. ದೇವರೊಡನೆ ಇಷ್ಟು ಸಲುಗೆಯಿದ್ದವರಿಗೆ ಸರ್ಕಾರದೊಡನೆ ಅಂಥ ಸಲುಗೆ ಎಂದೂ ದಕ್ಕಲಿಲ್ಲ. ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಪೋಡುಗಳಲ್ಲಿ, ಅಂದರೆ ಸೋಲಿಗರ ಹಾಡಿಗಳಲ್ಲಿ, ಪ್ರತಿ ಚುನಾವಣೆಯ ನಂತರ ಏಳುವ ಪ್ರಶ್ನೆ ಯಾವ ಪಕ್ಷ ಗೆದ್ದಿತು ಎಂಬುದಕ್ಕೆ ನಿಲ್ಲುವುದಿಲ್ಲ. ಹಿಂದಿನ ಸರ್ಕಾರ ಕೊಟ್ಟ ಕಾಗದವನ್ನು ಹೊಸ ಸರ್ಕಾರ ತನ್ನದೆಂದು ಒಪ್ಪುತ್ತದೆಯೇ, ಒಪ್ಪಿದರೂ ಅರಣ್ಯ ಇಲಾಖೆ ಅದರಂತೆ ನಡೆಯುತ್ತದೆಯೇ ಎಂಬ ಪ್ರಶ್ನೆ ಅದಕ್ಕಿಂತ ದೊಡ್ಡದು. ಕಳೆದ ಏಳು ದಶಕಗಳ ದಾಖಲೆಯನ್ನು ನೋಡಿದರೆ ಸೋಲಿಗರ ಬದುಕನ್ನು ತಿರುಗಿಸಿದ್ದು ಮತಪೆಟ್ಟಿಗೆಗಿಂತ ಹೆಚ್ಚಾಗಿ ಅಧಿಸೂಚನೆಗಳೇ ಎಂದು ಹೇಳಬೇಕಾಗುತ್ತದೆ.

ಈ ಮೂರು ತಾಲ್ಲೂಕುಗಳು ಒಂದೇ ಆಡಳಿತದಡಿ ಬೆಳೆದವಲ್ಲ. ಯಳಂದೂರು 1807ರಲ್ಲಿ ಮೈಸೂರಿನ ದಿವಾನ್ ಪೂರ್ಣಯ್ಯನವರಿಗೆ ಸಂದ ಜಹಗೀರು. ಈಗ ಪ್ರತ್ಯೇಕ ತಾಲ್ಲೂಕಾಗಿರುವ ಹನೂರು ಆಗ ಕೊಳ್ಳೇಗಾಲದ ಭಾಗವಾಗಿತ್ತು, ಆ ಕೊಳ್ಳೇಗಾಲ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು. ಸರ್ಕಾರ ಬದಲಾಗುವುದು ಎಂಬುದಕ್ಕೆ ಇದಕ್ಕಿಂತ ಪೂರ್ಣವಾದ ಉದಾಹರಣೆ ಬೇಕಿಲ್ಲ: ಜಿಲ್ಲೆ, ರಾಜಧಾನಿ, ಕಚೇರಿಯ ಭಾಷೆ ಎಲ್ಲವೂ ಬದಲಾದವು. ಕನ್ನಡಿಗರು ಈ ದಿನವನ್ನು ಏಕೀಕರಣದ ಹಬ್ಬವಾಗಿ ನೆನೆಯುತ್ತಾರೆ, ಅದು ಸಹಜವೇ. ಆದರೆ ಅಂದು ಎಳೆದ ಗಡಿಗೆರೆ ಸೋಲಿಗರ ಕುಲಗಳನ್ನು ಎರಡು ರಾಜ್ಯಗಳಿಗೆ ಹಂಚಿತು. ಹಳೆಯ ಎರಡು ಆಡಳಿತಗಳ ಗುರುತೆಂಬಂತೆ ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ‘ಶೋಲಗ’ ಮತ್ತು ‘ಸೋಲಿಗರು’ ಇಂದಿಗೂ ಎರಡು ಬೇರೆ ನಮೂದುಗಳಾಗಿ ಕೂತಿವೆ. ಕಾಡಿನ ಕಾನೂನು ಮಾತ್ರ ಗೆರೆಯ ಎರಡೂ ಕಡೆ ಒಂದೇ ಧಾಟಿಯದಾಗಿತ್ತು. ಕಾಯ್ದಿಟ್ಟ ಅರಣ್ಯ ಕಾಯ್ದಿಟ್ಟ ಅರಣ್ಯವಾಗಿಯೇ ಉಳಿಯಿತು, ಕಾಡು ಕಡಿದು ಸುಟ್ಟು ರಾಗಿ ಬಿತ್ತುವ ಬೇಸಾಯ ಎರಡೂ ಕಡೆ ಅಪರಾಧವೇ ಆಯಿತು.

ಮುಂದಿನ ಘಟ್ಟಗಳೂ ಹೀಗೆಯೇ. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ವನ್ಯಜೀವಿಧಾಮವಾಯಿತು, 1987ರಲ್ಲಿ ಅದರ ವಿಸ್ತೀರ್ಣ ಸುಮಾರು 540 ಚದರ ಕಿ.ಮೀ.ಗೆ ಹಿಗ್ಗಿತು. ಒಳಗಾಡಿನ ಪೋಡುಗಳನ್ನು ಎಬ್ಬಿಸಿ ರಸ್ತೆಯಂಚಿನ ಕಾಲೊನಿಗಳಿಗೆ ತಂದು ಕೂರಿಸಲಾಯಿತು. ಬೇಸಾಯ ಹೋದ ಮೇಲೆ ಉಳಿದದ್ದು ಜೇನು, ನೆಲ್ಲಿಕಾಯಿ, ಪಾಚಿ, ಸೀಗೆ, ಅಂಟುವಾಳ. ಗಿರಿಜನರ ಸಹಕಾರ ಸಂಘವಾದ ಲ್ಯಾಂಪ್ಸ್ ಸೊಸೈಟಿ ಇವನ್ನು ಕೊಳ್ಳುತ್ತಿತ್ತು, ಮನೆಗೆ ಬರುವ ನಗದಿನಲ್ಲಿ ದೊಡ್ಡ ಪಾಲು ಅದೇ. 2002ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ತಂದ ತಿದ್ದುಪಡಿಯಿಂದ ಅಭಯಾರಣ್ಯದಿಂದ ಮಾರಾಟಕ್ಕಾಗಿ ಏನನ್ನೂ ತರುವಂತಿಲ್ಲವೆಂದಾಯಿತು, ಕೆಲವೇ ವರ್ಷಗಳಲ್ಲಿ ಬೆಟ್ಟದ ಸಂಗ್ರಹ ನಿಂತುಹೋಯಿತು. ಆ ಹೊತ್ತಿನ ರಾಜಕೀಯ ಗಮನಾರ್ಹ. ಯಳಂದೂರನ್ನು ಒಳಗೊಂಡಿದ್ದ ಸಂತೇಮರಹಳ್ಳಿ ಮೀಸಲು ಕ್ಷೇತ್ರದಲ್ಲಿ 2004ರಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಗೆದ್ದದ್ದು ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಅವರ ವಿರುದ್ಧ ಒಂದೇ ಒಂದು ಮತದಿಂದ. ಯಾವ ಪೋಡಿನ ಯಾವ ಮನೆಯಾದರೂ ‘ನಾವೇ ಗೆಲ್ಲಿಸಿದ್ದು’ ಎಂದು ಹೇಳಿಕೊಳ್ಳಬಹುದಿತ್ತು. ಒಂದು ಮತಕ್ಕೆ ಅಷ್ಟು ಬೆಲೆ ಬಂದ ಕ್ಷೇತ್ರದಲ್ಲೂ ನೆಲ್ಲಿಕಾಯಿಯ ಚೀಲ ಚೆಕ್‌ಪೋಸ್ಟ್ ದಾಟಲಿಲ್ಲ.

ಇದೇ ಮಾತಿಗೆ ಇನ್ನೂ ಕಠೋರವಾದ ಸಾಕ್ಷ್ಯ ವೀರಪ್ಪನ್ ಕಾಲದ್ದು. ತೊಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲಿ ಬಂಗಾರಪ್ಪ, ಮೊಯಿಲಿ, ದೇವೇಗೌಡ, ಪಟೇಲ್, ಕೃಷ್ಣ ಎಂದು ಮುಖ್ಯಮಂತ್ರಿಗಳು ಒಬ್ಬರ ಹಿಂದೊಬ್ಬರು ಬಂದರು, ಕಾಂಗ್ರೆಸ್ ಹೋಗಿ ಜನತಾದಳ ಬಂತು, ಮತ್ತೆ ಕಾಂಗ್ರೆಸ್ ಬಂತು. ಆದರೆ ಕಾಡುಗಳ್ಳ ವೀರಪ್ಪನ್‌ನನ್ನು ಹಿಡಿಯಲು ಮಹದೇಶ್ವರ ಬೆಟ್ಟದಲ್ಲಿ ಬೀಡುಬಿಟ್ಟಿದ್ದ ಪೊಲೀಸ್ ಕಾರ್ಯಪಡೆಯ ಶಿಬಿರ ಅಲ್ಲೇ ಇತ್ತು. ಕಾಡುಗಳ್ಳನಿಗೆ ಅಕ್ಕಿ ಕೊಟ್ಟರೆಂದು, ದಾರಿ ತೋರಿದರೆಂದು ಬೆಟ್ಟದ ಹಳ್ಳಿಗಳ ಜನರನ್ನು, ಅವರಲ್ಲಿ ಸೋಲಿಗರನ್ನೂ, ಹಿಡಿದು ಹಿಂಸಿಸಿದ ದೂರುಗಳು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದವರೆಗೆ ಹೋದವು. ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ನೇತೃತ್ವದ ಸಮಿತಿಯನ್ನು ನೇಮಿಸಿತು. 2007ರಲ್ಲಿ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಮಧ್ಯಂತರ ಪರಿಹಾರಕ್ಕೆ ಶಿಫಾರಸು ಬಂತು. ಆ ಹೊತ್ತಿಗೆ ವೀರಪ್ಪನ್ ಸತ್ತು ಎರಡು ವರ್ಷ ದಾಟಿತ್ತು. ಇಡೀ ಪ್ರಕರಣದಲ್ಲಿ ನೊಂದವರ ನೆರವಿಗೆ ಬಂದದ್ದು ಆಯೋಗದ ವಿಚಾರಣೆಯೇ ಹೊರತು ಗದ್ದುಗೆ ಹಿಡಿದ ಯಾವುದೇ ಹೊಸ ಪಕ್ಷವಲ್ಲ.

ಹಾಗಾದರೆ ಯಾವ ಸರ್ಕಾರ ಬಂದರೂ ಒಂದೇ ಎನ್ನಬೇಕೆ? ಇಲ್ಲ, ಈ ವಾದಕ್ಕೆ ಎದುರಾಗಿ ನಿಲ್ಲುವ ಗಟ್ಟಿ ಉದಾಹರಣೆಯೊಂದಿದೆ. 2004ರಲ್ಲಿ ದೆಹಲಿಯಲ್ಲಿ ಸರ್ಕಾರ ಬದಲಾಗದಿದ್ದರೆ 2006ರ ಅರಣ್ಯ ಹಕ್ಕು ಕಾಯ್ದೆ ಅದೇ ರೂಪದಲ್ಲಿ ಬರುತ್ತಿತ್ತೆಂದು ಹೇಳುವುದು ಕಷ್ಟ. 2007ರ ಕೊನೆಯ ದಿನ ಜಾರಿಗೆ ಬಂದ ಆ ಕಾಯ್ದೆ, ಕಿರು ಅರಣ್ಯ ಉತ್ಪನ್ನದ ಒಡೆತನವನ್ನೂ ಮಾರಾಟದ ಹಕ್ಕನ್ನೂ ಅರಣ್ಯವಾಸಿಗಳಿಗೆ ಕೊಟ್ಟಿತು. ಪಕ್ಷ ಮುಖ್ಯವಾದದ್ದು ಅಲ್ಲಿಗೆ ಸರಿ. ಆದರೆ ಕಾಯ್ದೆ ಬೆಟ್ಟ ಹತ್ತಿದ ರೀತಿಯನ್ನು ನೋಡಿದರೆ ಚಿತ್ರ ಬೇರೆಯಾಗುತ್ತದೆ. 2011ರ ಜನವರಿಯಲ್ಲಿ ಬಿಳಿಗಿರಿರಂಗನ ಬೆಟ್ಟವನ್ನು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿದಾಗ ರಾಜ್ಯದಲ್ಲಿದ್ದುದು ಬಿಜೆಪಿ ಸರ್ಕಾರ. ಅದೇ ವರ್ಷ ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ಕೊಟ್ಟದ್ದೂ ಬಿಜೆಪಿ ಸರ್ಕಾರವಿದ್ದಾಗಲೇ, ಮುಖ್ಯಮಂತ್ರಿ ಮಾತ್ರ ಬೇರೆ. ದೇಶದ ಹುಲಿ ಸಂರಕ್ಷಿತ ಪ್ರದೇಶವೊಂದರೊಳಗೆ ಇಂಥ ಹಕ್ಕು ಸಿಕ್ಕಿದ್ದು ಅದೇ ಮೊದಲು. ಕಟ್ಟುವುದೂ ಬಿಡಿಸುವುದೂ ಒಂದೇ ಪಕ್ಷದ ಆಳ್ವಿಕೆಯ ಒಂದೇ ವರ್ಷದಲ್ಲಿ ನಡೆಯಿತೆಂದರೆ, ನಡುವೆ ಕೆಲಸ ಮಾಡಿದ್ದು ಇನ್ನೇನೋ ಇರಬೇಕು.

ಆ ಕೆಲಸದ ಸ್ವರೂಪವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಸೋಲಿಗರ ಕಾಡು ಕುಲಗಳ ‘ಎಲ್ಲೆ’ಗಳಾಗಿ ಹಂಚಿಹೋಗಿದೆ. ಎಲ್ಲೆಯೆಂದ ಮೇಲೆ ಅದರೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ತಾಣಗಳಿರಬೇಕು; ಕಲ್ಲುಗುಡಿ ಹಿರಿಯರ ಸಮಾಧಿಯ ಜಾಗ, ಅಬ್ಬಿ ನೀರಿನ ತಾಣ. ಹಿರಿಯರು ಮುಂದೆ ನಡೆದು ತೋರಿಸಿದ ಇಂಥ ನೂರಾರು ತಾಣಗಳನ್ನು ಜಿಪಿಎಸ್ ಹಿಡಿದು ಗುರುತಿಸಿ ನಕಾಶೆ ಮಾಡಲಾಯಿತು. ಸೋಲಿಗರ ಸಂಘ, 1981ರಲ್ಲಿ ಡಾ. ಎಚ್. ಸುದರ್ಶನ್ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ, ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಈ ಕೆಲಸದುದ್ದಕ್ಕೂ ಜೊತೆಗಿದ್ದರು. ಬಾಯಿಮಾತಿನಲ್ಲಿದ್ದ ಎಲ್ಲೆ, ಹಕ್ಕಿನ ಅರ್ಜಿಗಳನ್ನು ಪರಿಶೀಲಿಸುವ ಉಪವಿಭಾಗ ಸಮಿತಿಯ ಕಡತಕ್ಕೆ ಬಂತು. ಸಮಿತಿಯ ಮುಂದೆ ‘ನಮ್ಮ ಅಜ್ಜ ಇಲ್ಲೇ ಇದ್ದ’ ಎನ್ನುವುದಕ್ಕೂ ಕಲ್ಲುಗುಡಿಯ ಅಕ್ಷಾಂಶ ರೇಖಾಂಶ ಇಡುವುದಕ್ಕೂ ಇರುವ ಅಂತರವೇ 2011ರ ಗೆಲುವಿನ ಬಹುಪಾಲು. ಇಂಥ ದಾಖಲೆ ತಯಾರಾಗದ ಮಹದೇಶ್ವರ ಬೆಟ್ಟದ ಭಾಗಗಳಲ್ಲಿ ಅದೇ ಕಾಯ್ದೆ, ಅದೇ ಸರ್ಕಾರ ಇದ್ದೂ ಫಲ ತೆಳ್ಳಗಿತ್ತು.

ಮತದ ಬಲದಿಂದ ಇದನ್ನು ಸಾಧಿಸಲಾಗದೆ? ಇಲ್ಲಿ ಅಂಕಗಣಿತ ಅಡ್ಡ ಬರುತ್ತದೆ. ರಾಜ್ಯದಲ್ಲಿ ಪರಿಶಿಷ್ಟ ಪಂಗಡಕ್ಕೆ ಮೀಸಲಾದ 15 ವಿಧಾನಸಭಾ ಕ್ಷೇತ್ರಗಳಲ್ಲಿ ಒಂದೂ ಚಾಮರಾಜನಗರ ಜಿಲ್ಲೆಯಲ್ಲಿಲ್ಲ. ಯಳಂದೂರನ್ನೂ ಒಳಗೊಂಡ ಕೊಳ್ಳೇಗಾಲ ಪರಿಶಿಷ್ಟ ಜಾತಿಯ ಮೀಸಲು ಕ್ಷೇತ್ರ, ಹನೂರು ಸಾಮಾನ್ಯ ಕ್ಷೇತ್ರ. ಸಂವಿಧಾನದ ಐದನೇ ಅನುಸೂಚಿಯ ಪ್ರದೇಶ ಕರ್ನಾಟಕದಲ್ಲೆಲ್ಲೂ ಇಲ್ಲದ್ದರಿಂದ, ಅಂಥ ಪ್ರದೇಶಗಳ ಗ್ರಾಮಸಭೆಗಳಿಗೆ ಅಧಿಕಾರ ಕೊಡುವ ಪೆಸಾ ಕಾಯ್ದೆಯ ಆಸರೆಯೂ ಇಲ್ಲ. 2011ರ ಜನಗಣತಿಯಂತೆ ರಾಜ್ಯದ ಪರಿಶಿಷ್ಟ ಪಂಗಡಗಳ ಜನಸಂಖ್ಯೆ 42 ಲಕ್ಷಕ್ಕೂ ಮಿಕ್ಕಿದ್ದು, ಅದರಲ್ಲಿ ನಾಯಕ ಸಮುದಾಯದ್ದೇ ಸಿಂಹಪಾಲು. ಸೋಲಿಗರು ಕೆಲವು ಹತ್ತು ಸಾವಿರ. 2022ರಲ್ಲಿ ಬೊಮ್ಮಾಯಿ ಸರ್ಕಾರ ಪಂಗಡಗಳ ಮೀಸಲಾತಿಯನ್ನು ಶೇ 3ರಿಂದ 7ಕ್ಕೆ ಏರಿಸಿದಾಗ ಕಾಡಂಚಿನ ಸಮುದಾಯಗಳು ಕೇಳಿದ್ದು, ಈ ಹೆಚ್ಚಳದಲ್ಲಿ ತಮ್ಮ ಪಾಲೆಷ್ಟು ಎಂದು. ಒಳಮೀಸಲಾತಿಗೆ ಅಡ್ಡಿಯಿಲ್ಲವೆಂದು 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಆ ಪ್ರಶ್ನೆಗೆ ಇನ್ನಷ್ಟು ಬಲ ಬಂದಿದೆ. ಕೇಂದ್ರದ ಯೋಜನೆಗಳಲ್ಲೂ ಇದೇ ತೊಡಕು. 2023ರ ನವೆಂಬರಿನಲ್ಲಿ ಆರಂಭವಾದ ಪಿಎಂ ಜನ್‌ಮನ್ ವಿಶೇಷ ದುರ್ಬಲ ಬುಡಕಟ್ಟುಗಳಿಗೆ ಮಾತ್ರ. ಕರ್ನಾಟಕದಲ್ಲಿ ಆ ಪಟ್ಟಿಯಲ್ಲಿರುವುದು ಜೇನುಕುರುಬರು ಮತ್ತು ಕೊರಗರು, ಸೋಲಿಗರಿಲ್ಲ.

ಶಾಸಕರು ಬದಲಾಗುವುದರಲ್ಲಿ ಈ ಕ್ಷೇತ್ರಗಳು ಹಿಂದೆ ಬಿದ್ದಿಲ್ಲ. ಕೊಳ್ಳೇಗಾಲ 2018ರಲ್ಲಿ ಬಿಎಸ್‌ಪಿಯ ಎನ್. ಮಹೇಶ್ ಅವರನ್ನು ಗೆಲ್ಲಿಸಿತು. ರಾಜ್ಯದಲ್ಲಿ ಆ ಪಕ್ಷದ ಏಕೈಕ ಶಾಸಕರಾಗಿದ್ದ ಅವರು ಕೆಲ ತಿಂಗಳು ಶಿಕ್ಷಣ ಸಚಿವರಾದರು, ಮುಂದೆ ಬಿಜೆಪಿ ಸೇರಿದರು. 2023ರಲ್ಲಿ ಕ್ಷೇತ್ರ, ಹಿಂದೆ ಒಂದು ಮತದಿಂದ ಸೋತಿದ್ದ ಎ.ಆರ್. ಕೃಷ್ಣಮೂರ್ತಿ ಅವರ ಕಡೆ ತಿರುಗಿತು, ಈ ಬಾರಿ ಅವರು ಕಾಂಗ್ರೆಸ್ ಅಭ್ಯರ್ಥಿ. ಅದೇ ವರ್ಷ ಹನೂರು ಕಾಂಗ್ರೆಸ್ಸಿನ ಆರ್. ನರೇಂದ್ರ ಅವರನ್ನು ಬಿಟ್ಟು ಜೆಡಿಎಸ್‌ನ ಎಂ.ಆರ್. ಮಂಜುನಾಥ್ ಅವರನ್ನು ಆರಿಸಿತು. ಮತ ಹಾಕುವುದೇ ಅಪಾಯವಾದ ಸಂದರ್ಭವೂ ಉಂಟು. 2024ರ ಏಪ್ರಿಲ್ 26ರಂದು ಹನೂರು ತಾಲ್ಲೂಕಿನ ಇಂಡಿಗನತ್ತದಲ್ಲಿ ಮೂಲಸೌಕರ್ಯವಿಲ್ಲವೆಂದು ಚುನಾವಣೆ ಬಹಿಷ್ಕರಿಸಿದವರಿಗೂ ಮತ ಹಾಕಲು ಹೊರಟ ಮೆಂದಾರೆಯ ಸೋಲಿಗರಿಗೂ ಘರ್ಷಣೆಯಾಯಿತು, ಮತಗಟ್ಟೆ ಧ್ವಂಸವಾಯಿತು, 29ರಂದು ಮರುಮತದಾನ ನಡೆಯಿತು. ರಸ್ತೆ, ನೀರು ಇಲ್ಲವೆಂಬ ದೂರು ಎರಡೂ ಕಡೆಯವರದೇ. ಆದರೆ ಸಂಖ್ಯೆಯಲ್ಲಿ ಚಿಕ್ಕವರಾದವರಿಗೆ ಬಹಿಷ್ಕಾರವೆಂಬ ಅಸ್ತ್ರವೂ ಕೈಗೆಟಕುವುದಿಲ್ಲ, ಮತವೆಂಬ ಅಸ್ತ್ರವೂ ಸುಲಭವಲ್ಲ.

ವನ್ಯಜೀವಿ ಸಂರಕ್ಷಣೆಯ ಕಡೆಯಿಂದ ಬರುವ ಆಕ್ಷೇಪ ಹಗುರವಾದದ್ದಲ್ಲ. ಹಕ್ಕುಪತ್ರಗಳು ಹೆಚ್ಚಿದಂತೆ ಕಾಡು ತುಂಡಾಗುತ್ತದೆ, ಒಂದು ಸರ್ಕಾರ ಮತಕ್ಕಾಗಿ ಕೊಟ್ಟದ್ದನ್ನು ಇನ್ನೊಂದು ಹಿಂಪಡೆಯಲಾರದು, ಆದ್ದರಿಂದ ಕಾಡಿನ ವಿಷಯ ರಾಜಕೀಯದಿಂದ ದೂರವಿರಲಿ ಎಂಬುದು ಅದರ ಸಾರ. ಬಿಳಿಗಿರಿರಂಗನ ಬೆಟ್ಟದಲ್ಲಿ 2010ರಿಂದ 2014ರ ನಡುವೆ ಹುಲಿಗಳ ಅಂದಾಜು ಹೆಚ್ಚುಕಡಿಮೆ ಇಮ್ಮಡಿಯಾಯಿತೆಂಬುದನ್ನು ಸೋಲಿಗರ ಪರ ಮಾತನಾಡುವವರು ಇದಕ್ಕೆ ಉತ್ತರವಾಗಿ ಮುಂದಿಡುತ್ತಾರೆ. ಆ ಉತ್ತರವನ್ನು ಅಳೆದು ಬಳಸುವುದು ಒಳ್ಳೆಯದು, ಏಕೆಂದರೆ ಹುಲಿಯ ಅಂದಾಜು ಗಣತಿಯಿಂದ ಗಣತಿಗೆ ಏರಿಳಿಯುತ್ತದೆ, ಹಕ್ಕನ್ನು ಅದಕ್ಕೆ ಕಟ್ಟಿದರೆ ಇಳಿದ ವರ್ಷ ಹಕ್ಕೂ ಇಳಿಯಬೇಕಾದೀತು. ಇದಕ್ಕಿಂತ ಬಲವಾದ ಉತ್ತರ ಕಾಡಿನ ನೆಲದಲ್ಲಿದೆ. ಬೇಸಿಗೆಯ ಆರಂಭದಲ್ಲಿ ಒಣ ಎಲೆಗೆ ಹಾಕುತ್ತಿದ್ದ ತರಗು ಬೆಂಕಿ ನಿಂತ ಮೇಲೆ ಲಂಟಾನ ಹಬ್ಬಿತು, ನೆಲ್ಲಿ ಮರದ ಮೇಲೆ ಬಂದಳಿಕೆ ಏರಿತು ಎಂದು ಸೋಲಿಗರು ಹೇಳುತ್ತ ಬಂದಿದ್ದಾರೆ, ಸಂಶೋಧಕರೂ ಅದನ್ನು ಗಂಭೀರವಾಗಿ ಪರಿಶೀಲಿಸಿದ್ದಾರೆ. ಇನ್ನು ಕಾಡನ್ನು ರಾಜಕೀಯದಿಂದ ದೂರವಿಡುವ ಮಾತು. ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ 2017ರ ಮಾರ್ಚಿನಲ್ಲಿ ಬರೆದ ಒಂದು ಪತ್ರದಿಂದ ಹುಲಿಗಳ ಮುಖ್ಯ ನೆಲೆಗಳಲ್ಲಿ ಹಕ್ಕು ಕೊಡುವುದು ನಿಂತಿತು, ಮರುವರ್ಷ ಆ ಪತ್ರ ಹಿಂದಕ್ಕೆ ಹೋಯಿತು. 2019ರ ಫೆಬ್ರುವರಿ 13ರಂದು ಅರ್ಜಿ ತಿರಸ್ಕೃತರಾದವರನ್ನು ತೆರವುಗೊಳಿಸಲು ಸುಪ್ರೀಂ ಕೋರ್ಟ್ ಹೇಳಿತು, 28ರಂದು ತಾನೇ ತಡೆಯಿತ್ತಿತು. ಇವೆರಡೂ ಯಾವ ಚುನಾವಣೆಯ ಫಲಿತಾಂಶದಿಂದಲೂ ಬಂದವಲ್ಲ, ಆದರೂ ಪೋಡುಗಳ ಆತಂಕ ಹೆಚ್ಚಿತು.

ಈಗ ಪ್ರಶ್ನೆ ಹನೂರಿನ ಕಡೆ ಸರಿದಿದೆ. 2013ರ ಮೇ ತಿಂಗಳಲ್ಲಿ, ಅಂದರೆ ಬಿಜೆಪಿ ಹೋಗಿ ಕಾಂಗ್ರೆಸ್ ಬಂದ ತಿಂಗಳಲ್ಲೇ, ಮಲೆ ಮಹದೇಶ್ವರ ವನ್ಯಜೀವಿಧಾಮ ಸುಮಾರು 906 ಚದರ ಕಿ.ಮೀ. ವಿಸ್ತೀರ್ಣದೊಂದಿಗೆ ಘೋಷಣೆಯಾಯಿತು. ಅದನ್ನು ಹುಲಿ ಸಂರಕ್ಷಿತ ಪ್ರದೇಶವಾಗಿ ಏರಿಸುವ ಪ್ರಸ್ತಾವ ವರ್ಷಗಳಿಂದ ಒಂದು ಸರ್ಕಾರದ ಮೇಜಿನಿಂದ ಇನ್ನೊಂದರ ಮೇಜಿಗೆ ಹೋಗುತ್ತಿದೆ. 2025ರ ಏಪ್ರಿಲ್ 24ರಂದು ಸಿದ್ದರಾಮಯ್ಯ ಸಂಪುಟ ಬೆಟ್ಟದಲ್ಲೇ ಸಭೆ ಸೇರಿತು. ಜೂನ್ ಕೊನೆಯಲ್ಲಿ ಹೂಗ್ಯಂ ವಲಯದಲ್ಲಿ ತಾಯಿ ಹುಲಿ ಮತ್ತು ನಾಲ್ಕು ಮರಿಗಳು ವಿಷಪ್ರಾಶನದಿಂದ ಸತ್ತವು, ಅದರ ಬೆನ್ನಿಗೇ ಕಾಡಿನೊಳಗೆ ದನ ಮೇಯಿಸುವುದನ್ನು ನಿಲ್ಲಿಸಬೇಕೆಂಬ ಮಾತು ಸರ್ಕಾರದಿಂದ ಬಂತು. ಮೇವಿನ ಹಕ್ಕು ಅರಣ್ಯ ಹಕ್ಕು ಕಾಯ್ದೆಯ ಮೂರನೇ ಕಲಮಿನಲ್ಲಿಯೇ ಇದೆ. ಹಕ್ಕುಗಳನ್ನು ಗುರುತಿಸುವ ಕೆಲಸ ಮುಗಿಯದೆ, ಗ್ರಾಮಸಭೆಯ ಒಪ್ಪಿಗೆಯಿಲ್ಲದೆ ಯಾರನ್ನೂ ಎಬ್ಬಿಸುವಂತಿಲ್ಲವೆಂದು ನಾಲ್ಕನೇ ಕಲಮು ಹೇಳುತ್ತದೆ. ಆದ್ದರಿಂದ ಇಲ್ಲಿನ ಸೋಲಿಗರ ಮಟ್ಟಿಗೆ ನಿರ್ಣಾಯಕವಾಗುವುದು ಎರಡು ಕೆಲಸಗಳ ಅನುಕ್ರಮ: ಬಿಳಿಗಿರಿಯಲ್ಲಿ ಹುಲಿಯ ಅಧಿಸೂಚನೆ ಮೊದಲು ಬಂದು ಹಕ್ಕುಪತ್ರ ಒಂಬತ್ತು ತಿಂಗಳ ನಂತರ ಬಂತು. ಮಹದೇಶ್ವರ ಬೆಟ್ಟದಲ್ಲಿ ಹಕ್ಕುಪತ್ರ ಮೊದಲು ಬರಲು ಕಾನೂನಿನಲ್ಲಿ ಯಾವ ತಡೆಯೂ ಇಲ್ಲ.