ದುಡ್ಡು ಹೋಯ್ತು, ಆದ್ರೆ ಎಲ್ಲಿಗೆ?

ಮೊನ್ನೆ ಶನಿವಾರ ನಮ್ಮ ಬೀದಿಯ ದಿನಸಿ ಅಂಗಡಿಯಲ್ಲಿ 340 ರೂಪಾಯಿಗೆ ಸಾಮಾನು ತಗೊಂಡು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದೆ. ದುಡ್ಡು ಕಡಿತವಾಯ್ತು ಅಂತ ನನಗೆ ಎಸ್ಸೆಮ್ಮೆಸ್ ಬಂತು. ಅಂಗಡಿಯ ಸ್ಪೀಕರ್ ಡಬ್ಬಿ ಮಾತ್ರ ಮೌನವ್ರತ! ಹಿಂದೆ ನಾಲ್ಕು ಜನ ಕಾಯ್ತಿದ್ರು. "ನೀವು ಹೋಗಿ ಸಾರ್, ಬರದಿದ್ರೆ ಆಮೇಲೆ ನೋಡೋಣ" ಅಂದರು ಅಂಗಡಿಯವರು. ಓದಿದ್ದು ಇಂಜಿನಿಯರಿಂಗ್, ಮಾಡೋದು ಸಾಫ್ಟ್‌ವೇರು. ಆದರೂ ಆ 340 ರೂಪಾಯಿ ಈಗ ಎಲ್ಲಿದೆ ಅಂತ ಅವರಿಗೆ ಹೇಳೋಕೆ ನನ್ನ ಕೈಲಾಗಲಿಲ್ಲ.

ಈ ತಾಪತ್ರಯ ಹೊಸದೇನಲ್ಲ. 1958ರ ಸೆಪ್ಟೆಂಬರಿನಲ್ಲಿ ಬ್ಯಾಂಕ್ ಆಫ್ ಅಮೆರಿಕ ಕ್ಯಾಲಿಫೋರ್ನಿಯಾದ ಫ್ರೆಸ್ನೊ ಊರಿನ ಸುಮಾರು 60,000 ಜನಕ್ಕೆ, ಅವರು ಕೇಳದೇ ಇದ್ದರೂ, ಅಂಚೆಯಲ್ಲಿ ಕ್ರೆಡಿಟ್ ಕಾರ್ಡ್ ಕಳಿಸಿಬಿಟ್ಟಿತು. ಮೋಸ, ಬಾಕಿ ಎಲ್ಲಾ ಆದವು, ಅದು ಬೇರೆ ಕಥೆ. ನಿಜವಾದ ತಲೆನೋವು ಶುರುವಾಗಿದ್ದು 1966ರಿಂದ ಬೇರೆ ಬ್ಯಾಂಕುಗಳಿಗೂ ಆ ಕಾರ್ಡಿನ ಲೈಸೆನ್ಸ್ ಕೊಟ್ಟ ಮೇಲೆ. ಅಂಗಡಿಯವನ ಬ್ಯಾಂಕೇ ಬೇರೆ, ಗಿರಾಕಿಯ ಬ್ಯಾಂಕೇ ಬೇರೆ.

ಆಗೆಲ್ಲ ಕಾರ್ಡನ್ನು ಕಾರ್ಬನ್ ಚೀಟಿಯ ಕೆಳಗಿಟ್ಟು ಅಚ್ಚೊತ್ತುತ್ತಿದ್ದರು. ಬಿಲ್ಲು ಒಂದು ಮಿತಿ ದಾಟಿದರೆ ಫೋನು: ಅಂಗಡಿಯಿಂದ ಅದರ ಬ್ಯಾಂಕಿಗೆ, ಅಲ್ಲಿಂದ ಗಿರಾಕಿಯ ಬ್ಯಾಂಕಿಗೆ. ಆ ಬ್ಯಾಂಕು ದೇಶದ ಇನ್ನೊಂದು ತುದಿಯಲ್ಲಿದ್ದು ಬಾಗಿಲು ಹಾಕಿದ್ದರೆ? ಮುಗೀತು. ಇತ್ತ ಚೀಟಿಗಳು ಅಂಚೆಯಲ್ಲಿ ಊರೂರು ಸುತ್ತಿ, ಬ್ಯಾಂಕುಗಳ ಹಿಂದಿನ ಕೋಣೆಗಳಲ್ಲಿ ರಾಶಿ ಬೀಳುತ್ತಿದ್ದವು.

ಇದನ್ನು ಸರಿಮಾಡಲು ಬ್ಯಾಂಕುಗಳೆಲ್ಲ ಸೇರಿ 1970ರಲ್ಲಿ ಒಂದು ಸಂಸ್ಥೆ ಕಟ್ಟಿದವು. ಡೀ ಹಾಕ್ ಅದರ ಮುಖ್ಯಸ್ಥ. 1976ರಲ್ಲಿ ಅದಕ್ಕೆ ವೀಸಾ ಅಂತ ಹೆಸರಾಯ್ತು. ಅವರು 1973ರಲ್ಲಿ ಶುರುಮಾಡಿದ ಬೇಸ್-1 ಅನ್ನೋ ವ್ಯವಸ್ಥೆ ಒಂದೇ ಕೆಲಸ ಮಾಡುತ್ತಿತ್ತು: 'ಈ ಕಾರ್ಡಿಗೆ ಇಷ್ಟು ಕೊಡಬಹುದಾ?' ಅಂತ ಕೇಳಿ ಉತ್ತರ ತರೋದು. ಚೀಟಿಗಳ ಬದಲು ಲೆಕ್ಕವನ್ನೇ ಕಂಪ್ಯೂಟರಿನಲ್ಲಿ ದಾಟಿಸೋ ಬೇಸ್-2 ಬಂದಿದ್ದು 1974ರಲ್ಲಿ. ಕೇಳೋದು ಒಂದು ವ್ಯವಸ್ಥೆ, ಕೊಡೋದು ಇನ್ನೊಂದು!

ಇವತ್ತಿಗೂ ಕಾರ್ಡಿನದು ಹಾಗೇ. ಐಎಸ್ಒ 8583 ಅನ್ನೋ 1987ರ ಮಾನಕದ ಪ್ರಕಾರ 0100 ಅನ್ನೋ ಪ್ರಶ್ನೆ ಹೋಗತ್ತೆ, 0110 ಅನ್ನೋ ಉತ್ತರ ಬರತ್ತೆ. ಅದರೊಳಗೆ 00 ಇದ್ದರೆ ಸೈ, 51 ಇದ್ದರೆ ಖಾತೆಯಲ್ಲಿ ಕಾಸಿಲ್ಲ. ಆ ಕ್ಷಣದಲ್ಲಿ ಒಂದು ಪೈಸೆಯೂ ಅಂಗಡಿಗೆ ಹೋಗಿರೋದಿಲ್ಲ, ಗಿರಾಕಿಯ ಬ್ಯಾಂಕು ಅಷ್ಟನ್ನು ತಡೆಹಿಡಿದಿರತ್ತೆ ಅಷ್ಟೇ. ಅಂಗಡಿಯವನು ದಿನದ ಲೆಕ್ಕ ಕಳಿಸಿದ ಮೇಲೆ, ಯಾವ ಬ್ಯಾಂಕು ಯಾರಿಗೆಷ್ಟು ಕೊಡಬೇಕು ಅಂತ ಕೂಡಿ ಕಳೆದು ವ್ಯತ್ಯಾಸ ಮಾತ್ರ ಕೈ ಬದಲಾಗತ್ತೆ. ನಮ್ಮ ಕಡೆ ಅಡಿಕೆ ಮಂಡಿಯಲ್ಲಿ ವರ್ಷವಿಡೀ ಮುಂಗಡ ತಗೊಂಡು, ಅಡಿಕೆ ಹಾಕಿದ ಮೇಲೆ ಮುರಿದುಕೊಂಡು ಉಳಿದದ್ದನ್ನು ಕೊಡ್ತಾರಲ್ಲ, ಥೇಟ್ ಹಾಗೇ.

2016ರ ಏಪ್ರಿಲಿನಲ್ಲಿ ಶುರುವಾದ ನಮ್ಮ ಯುಪಿಐ ಸ್ವಲ್ಪ ಬೇರೆ. ಇಲ್ಲಿ ನನ್ನ ಖಾತೆಯಿಂದ ಆಗಲೇ ಕಡಿತ, ಅಂಗಡಿಯವರ ಖಾತೆಗೆ ಆಗಲೇ ಜಮೆ. ಆದರೆ ಬ್ಯಾಂಕು ಬ್ಯಾಂಕುಗಳ ನಡುವಿನ ಲೆಕ್ಕ ರಿಸರ್ವ್ ಬ್ಯಾಂಕಿನಲ್ಲಿ ಚುಕ್ತಾ ಆಗೋದು ಆಮೇಲೆ, ದಿನಕ್ಕೆ ಹಲವು ಸಲ. ಮತ್ತೆ ಕಡಿತಕ್ಕೊಂದು ಸಂದೇಶ, ಜಮೆಗೊಂದು ಸಂದೇಶ. ನನ್ನ 340 ರೂಪಾಯಿ ಈ ಎರಡರ ಮಧ್ಯೆ ತ್ರಿಶಂಕು ಆಗಿತ್ತು.

ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರಿನ ಸುತ್ತೋಲೆ ಪ್ರಕಾರ ಅಂಗಡಿಗೆ ಕೊಟ್ಟ ದುಡ್ಡು ಹೀಗೆ ಸಿಕ್ಕಿಕೊಂಡರೆ ಐದು ದಿನದೊಳಗೆ ವಾಪಸ್ ಬರಬೇಕು, ಆಮೇಲೆ ದಿನಕ್ಕೆ 100 ರೂಪಾಯಿ ಪರಿಹಾರ. ಒಳ್ಳೇದೇ. ಆದರೆ ಗಮನಿಸಿ, ವಾಪಸ್ ಬರೋದು ನನಗೆ! ಸಾಮಾನು ಕೊಟ್ಟು ಕಳಿಸಿದ ಅಂಗಡಿಯವರಿಗೆ ನಾನು ಮತ್ತೆ ಆ ಕಡೆ ತಲೆ ಹಾಕಿದರೆ ಮಾತ್ರ ದುಡ್ಡು.

ಸೋಮವಾರ ದುಡ್ಡು ನನ್ನ ಖಾತೆಗೆ ವಾಪಸ್ ಬಂದಿತ್ತು. ಸಂಜೆ ನೋಟು ಹಿಡಿದುಕೊಂಡು ಹೋದೆ. ಅವರು ಗಲ್ಲಾದ ಕೆಳಗಿಂದ ಹಳೇ ನೋಟ್‌ಬುಕ್ ತೆಗೆದು, 'ಕನ್ನಡಕ, ನೀಲಿ ಬ್ಯಾಗು - 340' ಅಂತ ಬರೆದಿದ್ದ ಸಾಲಿನ ಮೇಲೆ ಗೀಟು ಎಳೆದರು.