ಲೂಪಸ್ ಕಿಡ್ನಿ ಕಾಯಿಲೆ ಇರುವವರ ನರಹಾನಿಯನ್ನು ಒಂದೇ ರಕ್ತಪರೀಕ್ಷೆ ಪತ್ತೆಹಚ್ಚುತ್ತದೆಯೇ?

ಚುಟುಕಾಗಿ
ನರಗಳಿಗೆ ಪೆಟ್ಟಾದಾಗ ರಕ್ತದಲ್ಲಿ ಹೆಚ್ಚುವ ಪ್ರೋಟೀನ್ ಒಂದಿದೆ, ಅದನ್ನು ಅಳೆಯಬಹುದು. ಆದರೆ ಕಿಡ್ನಿ ಸೋತವರಲ್ಲಿ ಅದೊಂದೇ ಸಂಖ್ಯೆ ನೋಡಿ ನರಹಾನಿ ಎನ್ನಲಾಗದು. ಹಾಗಾಗಿ ಇದು ಅರ್ಧಸತ್ಯ.

ಲೂಪಸ್ ಏನು ಮಾಡುತ್ತದೆ?
ಲೂಪಸ್‌ನಲ್ಲಿ ರೋಗನಿರೋಧಕ ಶಕ್ತಿ ನಮ್ಮದೇ ಅಂಗಗಳ ಮೇಲೆ ತಿರುಗಿಬೀಳುತ್ತದೆ. ರೋಗಿಗಳಲ್ಲಿ 10ಕ್ಕೆ ಸುಮಾರು 9 ಮಂದಿ ಹೆಂಗಸರು. ಕಿಡ್ನಿಯಲ್ಲಿ ಉರಿಯೂತವಾದರೆ ಅದು ಲೂಪಸ್ ನೆಫ್ರೈಟಿಸ್. ಮೂತ್ರದಲ್ಲಿ ನೊರೆ, ಕಾಲು ಊತ, ಬಿಪಿ ಏರಿಕೆ ಇದರ ಲಕ್ಷಣಗಳು. ಮೆದುಳು, ನರಗಳನ್ನೂ ಲೂಪಸ್ ಕಾಡಬಹುದು. ಅಮೆರಿಕನ್ ಕಾಲೇಜ್ ಆಫ್ ರುಮಟಾಲಜಿ 1999ರಲ್ಲಿ ಇಂಥ 19 ತೊಂದರೆಗಳನ್ನು ಗುರುತಿಸಿತು. ಫಿಟ್ಸ್, ಪಾರ್ಶ್ವವಾಯು, ಬುದ್ಧಿಗೊಂದಲ ಅವುಗಳಲ್ಲಿ ಕೆಲವು.

ಆ ಪ್ರೋಟೀನ್ ಯಾವುದು?
ಹೆಸರು ನ್ಯೂರೋಫಿಲಮೆಂಟ್ ಲೈಟ್ ಚೈನ್, ಚಿಕ್ಕದಾಗಿ ಎನ್‌ಎಫ್‌ಎಲ್. ನರತಂತುವಿಗೆ ಒಳಗಿನಿಂದ ಆಧಾರ ಕೊಡುವುದು ಇದರ ಕೆಲಸ. ತಂತು ಹಾಳಾದಾಗ ಇದು ಹೊರಬಂದು ರಕ್ತ ಸೇರುತ್ತದೆ. ವಯಸ್ಸಾದಂತೆ ಇದರ ಮಟ್ಟ ತಾನಾಗಿಯೂ ಏರುತ್ತದೆ.

ಕಿಡ್ನಿ ಕಾಯಿಲೆಯಲ್ಲಿ ಗೊಂದಲವೇಕೆ?
ಬಚ್ಚಲಿನ ತೂಬು ಕಟ್ಟಿದರೆ, ನಲ್ಲಿ ಎಂದಿನಂತೆ ಹರಿದರೂ ನೀರು ನಿಲ್ಲುತ್ತದೆ. ಇಲ್ಲಿಯೂ ಹಾಗೆಯೇ. ಕಿಡ್ನಿಯ ಸೋಸುವ ಶಕ್ತಿ ಕುಗ್ಗಿದಷ್ಟೂ ಎನ್‌ಎಫ್‌ಎಲ್ ಹೆಚ್ಚಿರುವುದು ಅಧ್ಯಯನಗಳಲ್ಲಿ ಕಂಡಿದೆ. ಅಂದರೆ ಹೊಸ ನರಹಾನಿ ಇಲ್ಲದೆಯೂ ಸಂಖ್ಯೆ ಏರಿರಬಹುದು. ಆದ್ದರಿಂದ ವಯಸ್ಸು ಮತ್ತು ಕ್ರಿಯಾಟಿನಿನ್ ಜೊತೆಗಿಟ್ಟೇ ಇದನ್ನು ಓದಬೇಕು.

ಇನ್ನೊಂದು ತೊಡಕಿದೆ. ಕಿಡ್ನಿ ವೈಫಲ್ಯದಿಂದಲೂ ಕೈಕಾಲು ಜೋಮು, ಮಂಪರು ಬರಬಹುದು. ಹೆಚ್ಚು ಪ್ರಮಾಣದ ಸ್ಟೀರಾಯ್ಡ್‌ನಿಂದ ಮನಸ್ಸಿನ ಏರುಪೇರಾಗಬಹುದು. ಕಾರಣ ಬೇರೆಯಾದರೆ ಚಿಕಿತ್ಸೆಯೂ ಬೇರೆ. ತಪ್ಪಾಗಿ ಲೂಪಸ್ಸೇ ಕಾರಣ ಎಂದುಕೊಂಡರೆ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ಅನಗತ್ಯವಾಗಿ ಹೆಚ್ಚಾದೀತು, ಸೋಂಕಿನ ಅಪಾಯವೂ ಹೆಚ್ಚೀತು.

ವೈದ್ಯರು ಹೇಗೆ ತಿಳಿಯುತ್ತಾರೆ?
ಲಕ್ಷಣ ಕೇಳಿ, ನರಗಳನ್ನು ಪರೀಕ್ಷಿಸಿ, ಅಗತ್ಯವಿದ್ದರೆ ಎಂಆರ್‌ಐ, ಇಇಜಿ, ಬೆನ್ನುಹುರಿ ನೀರಿನ ಪರೀಕ್ಷೆ ಮಾಡಿಸುತ್ತಾರೆ. ಲೂಪಸ್ ಎಷ್ಟು ಚುರುಕಾಗಿದೆ ಎಂದು ನೋಡಲು ಆ್ಯಂಟಿ-ಡಿಎಸ್‌ಡಿಎನ್‌ಎ, ಸಿ3, ಸಿ4 ಪರೀಕ್ಷೆಗಳಿವೆ.

ನೀವೇನು ಮಾಡಬೇಕು?
ಬೆಳ್ಮಣ್ ಕಡೆಯವರು ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಂಥ ಕಡೆ ಹೋಗುವಾಗ ಹಳೆಯ ಕ್ರಿಯಾಟಿನಿನ್, ಮೂತ್ರದ ರಿಪೋರ್ಟ್‌ಗಳನ್ನೂ ಮಾತ್ರೆಗಳ ಪಟ್ಟಿಯನ್ನೂ ಒಯ್ಯಿರಿ. ಫಾರ್ವರ್ಡ್ ಓದಿ ಮಾತ್ರೆ ನಿಲ್ಲಿಸಬೇಡಿ. ಫಿಟ್ಸ್ ಬಂದರೆ, ಮಾತು ತೊದಲಿದರೆ, ಒಂದು ಬದಿಯ ಕೈಕಾಲು ಸೋತರೆ ಯಾವ ರಿಪೋರ್ಟಿಗೂ ಕಾಯದೆ 108ಕ್ಕೆ ಕರೆ ಮಾಡಿ.