ಅಂಜನದ ಮಸಿ, ಮಗುವಿನ ಕಣ್ಣು: ಕಾಣೆಯಾದವರನ್ನು ಹುಡುಕುವ ಪದ್ಧತಿಯೊಂದರ ಇತಿಹಾಸ

ಎಷ್ಟು ಹುಡುಕಿದರೂ ಪತ್ತೆಯಾಗದ ವಸ್ತುವನ್ನೋ ವ್ಯಕ್ತಿಯನ್ನೋ ಕುರಿತು ‘ಅಂಜನ ಹಾಕಿ ನೋಡಿದರೂ ಸಿಗದು’ ಎಂದು ಕನ್ನಡಿಗರು ಇಂದಿಗೂ ಆಡುವ ಮಾತಿನ ಹಿಂದೆ, ಮನೆಬಿಟ್ಟು ಹೋದವರನ್ನು, ಕಳವಾದ ಒಡವೆಯನ್ನು, ತಪ್ಪಿಸಿಕೊಂಡ ದನಕರುಗಳನ್ನು ಕಂಡುಹಿಡಿಯಲು ಎಳೆಯ ಹುಡುಗನ ಅಥವಾ ಹುಡುಗಿಯ ಕಣ್ಣನ್ನೇ ನೆಚ್ಚಿಕೊಂಡಿದ್ದ ಹಳೆಯ ಪದ್ಧತಿಯೊಂದಿದೆ. ಅಂಜನವೆಂದರೆ ಮೂಲತಃ ಕಣ್ಣಿಗೆ ಹಚ್ಚುವ ಕಾಡಿಗೆ. ಮಂತ್ರಬಲದಿಂದ ಸಿದ್ಧಪಡಿಸಿದ ಕಾಡಿಗೆಯನ್ನು ಸಿದ್ಧಾಂಜನವೆಂದು ಕರೆದು, ಅದನ್ನು ಹಚ್ಚಿಕೊಂಡವನಿಗೆ ನೆಲದಡಿಯ ನಿಧಿಯೂ ಕಾಣುತ್ತದೆಂದು ಜನ ನಂಬಿದ್ದರು. ಕೌಟಿಲ್ಯನ ಅರ್ಥಶಾಸ್ತ್ರದ 14ನೆಯ ಅಧಿಕರಣದಲ್ಲಿ ಇರುಳಿನಲ್ಲಿ ಕಾಣುವುದಕ್ಕೂ ಪರರ ಕಣ್ಣಿಗೆ ಬೀಳದೆ ತಿರುಗಾಡುವುದಕ್ಕೂ ಬೇಕಾದ ಅಂಜನಗಳ ಪಾಕ ದೊರೆಯುತ್ತದೆ. ಹಳ್ಳಿಯ ಅಂಜನದಲ್ಲಾದರೋ ಮಸಿ ಕಣ್ಣಿನಿಂದ ಅಂಗೈಗೆ, ಹೆಬ್ಬೆರಳಿನ ಉಗುರಿಗೆ ಅಥವಾ ವೀಳ್ಯದೆಲೆಗೆ ಇಳಿದು, ನೋಡುವ ಕೆಲಸ ಮಂತ್ರ ಬಲ್ಲವನಿಂದ ಮಗುವಿಗೆ ವರ್ಗವಾಯಿತು. ಈ ಪದ್ಧತಿಯ ತಿರುಳು ಇರುವುದೇ ಈ ವರ್ಗಾವಣೆಯಲ್ಲಿ.

ಹರಳೆಣ್ಣೆಯ ದೀಪದ ಮೇಲೆ ತಟ್ಟೆಯನ್ನು ಕವುಚಿ ಹಿಡಿದಾಗ ಕಟ್ಟುವ ಮಸಿಯನ್ನು ಕೆರೆದು, ಅದೇ ಎಣ್ಣೆಯಲ್ಲಿ ಕಲಸಿ, ಎಲೆಯ ನಡುವೆ ನಾಣ್ಯದಗಲ ಬಳಿದರೆ ಅದು ಕರಿಯ ಕನ್ನಡಿಯಂತೆ ಹೊಳೆಯುತ್ತದೆ. ಎದುರಿಗೆ ದೀಪವಿಟ್ಟಾಗ ಅದರ ಕುಡಿಯೂ, ಬಾಗಿ ನೋಡುವ ಮಗುವಿನ ಮುಖದ ನೆರಳೂ ಆ ಕಪ್ಪಿನಲ್ಲಿ ಅಲುಗಾಡತೊಡಗುತ್ತವೆ. ರೆಪ್ಪೆ ಮಿಟುಕಿಸದೆ ನೋಡಬೇಕೆಂದು ಹೇಳಿ, ಅಂಜನ ಹಾಕುವವನು ಪಕ್ಕದಲ್ಲಿ ಕುಳಿತು ಮಂತ್ರ ಹೇಳುತ್ತ ನಡುನಡುವೆ ಪ್ರಶ್ನಿಸುತ್ತಾನೆ: ಏನಾದರೂ ಕಾಣುತ್ತದೆಯೇ, ಅಂಗಳ ಗುಡಿಸಿದೆಯೇ, ಆಂಜನೇಯ ಬಂದನೇ, ಹೋದವನು ಯಾವ ದಿಕ್ಕಿನಲ್ಲಿದ್ದಾನೆ, ಮೈಮೇಲಿನ ಬಟ್ಟೆಯ ಬಣ್ಣ ಯಾವುದು. ಸುತ್ತ ಕುಳಿತ ಮನೆಯವರು ಉಸಿರು ಬಿಗಿಹಿಡಿದು ಮಗುವಿನ ಬಾಯನ್ನೇ ನೋಡುತ್ತಿರುತ್ತಾರೆ.

ಇದು ಇತ್ತೀಚಿನ ಶತಮಾನಗಳಲ್ಲಿ ಹುಟ್ಟಿದ ಪದ್ಧತಿಯಲ್ಲ. ಪಾಲಿ ಭಾಷೆಯ ದೀಘನಿಕಾಯಕ್ಕೆ ಸೇರಿದ ಬ್ರಹ್ಮಜಾಲಸುತ್ತವು ಭಿಕ್ಷುಗಳಿಗೆ ಸಲ್ಲದ ಜೀವನೋಪಾಯಗಳನ್ನು ಎಣಿಸುವಾಗ ಕನ್ನಡಿಯನ್ನು ಕೇಳುವ ‘ಆದಾಸಪಞ್ಹ’ ಮತ್ತು ಕನ್ಯೆಯ ಮೂಲಕ ಕೇಳುವ ‘ಕುಮಾರಿಕಪಞ್ಹ’ ಎರಡನ್ನೂ ಒಟ್ಟಿಗೆ ಹೆಸರಿಸುತ್ತದೆ, ಪಞ್ಹವೆಂದರೆ ಪ್ರಶ್ನೆ. ಜೈನರ ಸ್ಥಾನಾಂಗಸೂತ್ರವು ಪ್ರಶ್ನವ್ಯಾಕರಣವೆಂಬ ಆಗಮದ ಅಧ್ಯಾಯಗಳನ್ನು ಪಟ್ಟಿ ಮಾಡುವಲ್ಲಿ ಕನ್ನಡಿಯ ಪ್ರಶ್ನೆ, ಹೆಬ್ಬೆರಳಿನ ಪ್ರಶ್ನೆಗಳು ಬರುತ್ತವೆ. ಬೌದ್ಧ ತಂತ್ರಗಳಲ್ಲಿ ಪ್ರಸೇನಾ ಅಥವಾ ಪ್ರತಿಸೇನಾ ಎಂಬ ಹೆಸರು ಪಡೆದ ಈ ವಿಧಿಯಲ್ಲಿ, ಕನ್ನಡಿ, ಕತ್ತಿ, ನೀರು, ದೀಪ ಮೊದಲಾದ ಹೊಳೆಯುವ ಮೈಗಳಲ್ಲಿ ಕುಮಾರಿಯೊಬ್ಬಳು ಕಳ್ಳನ ರೂಪವನ್ನು ಕಾಣುತ್ತಾಳೆ. 11ನೆಯ ಶತಮಾನದ ಬೌದ್ಧ ಆಚಾರ್ಯ ನಾರೋಪಾ ತನ್ನ ಸೇಕೋದ್ದೇಶಟೀಕೆಯಲ್ಲಿ, ಕಲ್ಪನೆಯ ಸೋಂಕಿಲ್ಲದ ದರ್ಶನ ಎಂಥದೆಂದು ತಿಳಿಸಲು ಇದೇ ಕುಮಾರಿಯ ಕಾಣ್ಕೆಯನ್ನು ದೃಷ್ಟಾಂತವಾಗಿ ತರುತ್ತಾನೆ. ಬಾಲ್ಯದ ಮನಸ್ಸು ತಿಳಿನೀರಿನಂತೆ, ಅದರಲ್ಲಿ ಆಸೆಯ ಕೆಸರಿಲ್ಲ ಎಂಬ ಈ ಭಾವನೆಯೇ ಮಗುವನ್ನು ಆಯ್ದುಕೊಳ್ಳಲು ಹಲವೆಡೆ ಕೊಟ್ಟ ಕಾರಣವಾಗಿತ್ತು.

ಭಾರತದಾಚೆಗೂ ಇದಕ್ಕೆ ಸಾಕ್ಷ್ಯವಿದೆ. 2ನೆಯ ಶತಮಾನದ ಲ್ಯಾಟಿನ್ ಲೇಖಕ ಅಪುಲೇಯಸ್, ತನ್ನ ಮೇಲೆ ಹೊರಿಸಿದ್ದ ಮಾಟದ ಆರೋಪಕ್ಕೆ ಉತ್ತರ ಕೊಡುವಾಗ, ಫೇಬಿಯಸ್ ಎಂಬವನು 500 ದಿನಾರಿಯಸ್ ನಾಣ್ಯಗಳನ್ನು ಕಳೆದುಕೊಂಡು ವಿದ್ವಾಂಸ ನಿಗಿಡಿಯಸ್‌ನ ಬಳಿಗೆ ಹೋದುದನ್ನೂ, ಮಂತ್ರದಿಂದ ಪ್ರೇರಿತರಾದ ಹುಡುಗರು ಹಣದ ಚೀಲ ಹೂತಿದ್ದ ಜಾಗವನ್ನು ಹೇಳಿದರೆಂಬುದನ್ನೂ ಉಲ್ಲೇಖಿಸುತ್ತಾನೆ. ಯಹೂದಿಗಳ ತಾಲ್ಮೂದ್ ಎಣ್ಣೆಯ ಅಧಿದೇವತೆಗಳನ್ನು ಪ್ರಶ್ನಿಸಬಹುದೆನ್ನುತ್ತದೆ, ಆದರೆ ಅವರು ಸುಳ್ಳು ಹೇಳುತ್ತಾರೆಂದು ಜೊತೆಯಲ್ಲೇ ಎಚ್ಚರಿಸುತ್ತದೆ.

ಹೋಲಿಕೆ ಬೆರಗುಗೊಳಿಸುವುದು 19ನೆಯ ಶತಮಾನದ ಎರಡು ಪುಸ್ತಕಗಳಲ್ಲಿ. ದಕ್ಖನಿನ ಮುಸ್ಲಿಮರ ಆಚಾರಗಳನ್ನು ಕುರಿತು ಜಾಫರ್ ಷರೀಫ್ ಬರೆದು, ಹರ್ಕ್ಲಾಟ್ಸ್ ಎಂಬ ವೈದ್ಯ ಇಂಗ್ಲಿಷಿಗೆ ತಂದು 1832ರಲ್ಲಿ ಪ್ರಕಟಿಸಿದ ‘ಕಾನೂನ್-ಎ-ಇಸ್ಲಾಂ’ ಕೃತಿಯಲ್ಲಿ ಅಂಜನದ ವಿವರವಿದ್ದು, ಅಲ್ಲಿ ಮಗುವಿಗೆ ಮೊದಲು ನೆಲ ಗುಡಿಸುವವನು, ಬಳಿಕ ನೀರು ಚಿಮುಕಿಸುವವನು, ಆಮೇಲೆ ಪರಿವಾರದೊಡನೆ ಸಿಂಹಾಸನವೇರುವ ಅರಸ ಕಾಣುತ್ತಾರೆ. ಎಡ್ವರ್ಡ್ ಲೇನ್ 1836ರಲ್ಲಿ ಪ್ರಕಟಿಸಿದ, ಈಜಿಪ್ಟ್ ಜನರ ನಡೆನುಡಿಗಳ ಕುರಿತ ಗ್ರಂಥದಲ್ಲಿ, ಕೈರೋದ ಬೀದಿಯಿಂದ ಕರೆತಂದ ಎಂಟೊಂಬತ್ತು ವರ್ಷದ ಹುಡುಗನ ಅಂಗೈಗೆ ಮಾಂತ್ರಿಕನೊಬ್ಬ ಶಾಯಿ ಸುರಿದಾಗ ಅವನಿಗೂ ಮೊದಲು ಕಂಡವನು ನೆಲ ಗುಡಿಸುವ ಮನುಷ್ಯನೇ; ಹಿಂದೆಯೇ ಬಾವುಟಗಳು, ಡೇರೆಗಳು, ಸುಲ್ತಾನ. ಕನ್ನಡದ ಅಂಗಳದಲ್ಲಿ ಆಂಜನೇಯನಿಗಾಗಿ ಗುಡಿಸಿದ ನೆಲವೂ ನೈಲ್ ನದಿಯ ದಡದಲ್ಲಿ ಸುಲ್ತಾನನಿಗಾಗಿ ಗುಡಿಸಿದ ನೆಲವೂ ಒಂದೇ ಎಂಬಂತೆ ತೋರುವಾಗ, ಈ ವಿಧಿ ಮತಗಳ ಗಡಿಯನ್ನು ಲೆಕ್ಕಿಸದೆ ವ್ಯಾಪಾರಿಗಳ, ಫಕೀರರ ಜೊತೆಗೆ ಸಂಚರಿಸಿರಬೇಕೆಂದು ಊಹಿಸಲು ಅವಕಾಶವಿದೆ.

ಕೈರೋದ ಆ ಹುಡುಗ ನಡುಗಿದನೆಂದೂ ಹೆದರಿದಂತೆ ಕಂಡನೆಂದೂ ಲೇನ್ ಬರೆಯುತ್ತಾನೆ. ಈ ಸಣ್ಣ ವಿವರ ಕಡೆಗಣಿಸುವಂಥದಲ್ಲ, ಅವನಿಗೆ ನಿಜವಾಗಿಯೇ ಏನೋ ಕಂಡಿರಬಹುದು. ಒಂದೇ ಬಿಂದುವನ್ನು ದಿಟ್ಟಿಸಿದಾಗ ಸುತ್ತಲಿನ ಆಕಾರಗಳು ಮಾಸುವುದನ್ನು ಟ್ರಾಕ್ಸ್ಲರ್ ಎಂಬ ವೈದ್ಯ 1804ರಲ್ಲಿಯೇ ಗುರುತಿಸಿದ್ದನು. ಮಂದ ಬೆಳಕಿನಲ್ಲಿ ಕನ್ನಡಿ ನೋಡುವವರಿಗೆ ತಮ್ಮ ಮುಖದ ಬದಲು ಅಪರಿಚಿತ ಮುಖಗಳು ಕಾಣುವುದನ್ನು ಇಟಲಿಯ ಮನಶ್ಶಾಸ್ತ್ರಜ್ಞ ಕಪುಟೊ 2010ರಲ್ಲಿ ವಿವರಿಸಿದನು. ಆದುದರಿಂದ ಮಗು ಸುಳ್ಳು ಹೇಳುತ್ತಿತ್ತೆಂದು ಭಾವಿಸುವುದು ಅನ್ಯಾಯ. ಅದು ಏನನ್ನೋ ಕಾಣುತ್ತಿತ್ತು, ಕಂಡುದಕ್ಕೆ ಅರ್ಥವನ್ನು ಹಿರಿಯರ ಪ್ರಶ್ನೆಗಳು ತುಂಬುತ್ತಿದ್ದವು. ಕೈರೋದ ಮಾಂತ್ರಿಕನ ಗೆಲುವುಗಳ ಹಿಂದೆ ದುಭಾಷಿಯೊಬ್ಬನ ಪ್ರಶ್ನೆಗಳ ಸುಳಿವು ಇದ್ದಿರಬೇಕೆಂದು ಲೇನ್ ಕೂಡ ಮುಂದೆ ಶಂಕಿಸಿದನು. ಪವಾಡದ ಕೀರ್ತಿ ಮಾಂತ್ರಿಕನಿಗೆ ಸಲ್ಲುತ್ತಿದ್ದಾಗ, ನೆರೆಯವನೊಬ್ಬನನ್ನು ಕಳ್ಳನೆಂದು ಹೇಳಿದ ಹೊರೆ ಮಾತ್ರ ಆ ಎಳೆಯ ನಾಲಿಗೆಯ ಮೇಲೆ ಉಳಿಯುತ್ತಿತ್ತು.

ಕಳವಿನ ಮಟ್ಟಿಗೆ ಅಂಜನ ಫಲಿಸುತ್ತಿದ್ದುದಕ್ಕೆ ಭಯವೇ ದೊಡ್ಡ ಕಾರಣ. ಈಜಿಪ್ಟಿನಲ್ಲಿದ್ದ ಬ್ರಿಟಿಷ್ ಕಾನ್ಸಲ್ ಹೆನ್ರಿ ಸಾಲ್ಟ್‌ನ ಮನೆಯಲ್ಲಿ ಕಳವಾದಾಗ, ಶಾಯಿಯಲ್ಲಿ ಕಳ್ಳನನ್ನು ಕಂಡ ಹುಡುಗ ತೋಟಕ್ಕೆ ಓಡಿ ಒಬ್ಬ ಕೂಲಿಯಾಳನ್ನು ಹಿಡಿದನೆಂದೂ, ಆ ಆಳು ಒಡೆಯನ ಎದುರು ನಿಂತೊಡನೆ ತಪ್ಪೊಪ್ಪಿಕೊಂಡನೆಂದೂ ಲೇನ್ ದಾಖಲಿಸಿದ್ದಾನೆ. ಅಂಜನ ಹಾಕಿಸುತ್ತಾರೆಂಬ ಸುದ್ದಿ ಊರಲ್ಲಿ ಹಬ್ಬಿದರೆ ಸಾಕು, ಕದ್ದವನ ಎದೆ ಅದುರುತ್ತಿತ್ತು. ಆದರೆ ಕಾಣೆಯಾದ ಮನುಷ್ಯನ ಕಿವಿಗೆ ಆ ಸುದ್ದಿ ಬೀಳುವುದಿಲ್ಲ. ಮನೆಬಿಟ್ಟು ಹೋದ ಮಗನಿಗಾಗಿ ಅಂಜನ ಹಾಕಿಸಿದ ತಾಯಿಗೆ ಎಲೆಯಿಂದ ಸಿಗಬಹುದಾಗಿದ್ದುದು ಒಂದು ದಿಕ್ಕು ಮಾತ್ರ, ಆ ದಿಕ್ಕಿನಲ್ಲಿ ಅವನು ಬದುಕಿದ್ದಾನೆಂಬ ಭರವಸೆ ಮಾತ್ರ. ಅದನ್ನೇ ಹಿಡಿದು ಅವಳು ಊರೂರು ಅಲೆಯುತ್ತಿದ್ದಳು. ಬೇರೆ ಬಾಗಿಲುಗಳು ತೆರೆಯದಿದ್ದ ಕಾಲದಲ್ಲಿ ಅವಳು ಆ ಎಲೆಯ ಮುಂದೆ ಕುಳಿತುದನ್ನು ಮೌಢ್ಯವೆಂದು ತಳ್ಳಿಹಾಕುವುದು ಸುಲಭ, ನ್ಯಾಯವಲ್ಲ.

ಕಾಣೆಯಾದ ಮಕ್ಕಳ ದೂರುಗಳನ್ನು ಪೊಲೀಸರು ಎಫ್‌ಐಆರ್ ಆಗಿ, ಅಂದರೆ ಪ್ರಥಮ ವರ್ತಮಾನ ವರದಿಯಾಗಿ, ದಾಖಲಿಸಿಕೊಂಡು ತನಿಖೆ ನಡೆಸಲೇಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿದ್ದು 2013ರ ಮೇ 10ರಂದು. ಠಾಣೆಯಲ್ಲಿ ಈಗ ಹೆತ್ತವರನ್ನು ಕೇಳುವುದು ಮಗುವಿನ ಎತ್ತರ, ಮೈಬಣ್ಣ, ಮಚ್ಚೆಯ ಗುರುತು, ಮನೆಯಿಂದ ಹೊರಟಾಗ ತೊಟ್ಟಿದ್ದ ಬಟ್ಟೆಯ ಬಣ್ಣ. ಒಂದು ಕಾಲಕ್ಕೆ ಮಸಿಯ ಕಡೆಗೆ ಬಾಗಿದ್ದ ಮತ್ತೊಬ್ಬರ ಮಗುವನ್ನು ಕೇಳುತ್ತಿದ್ದ ಬಣ್ಣವನ್ನು ಇಂದು ತಾಯಿಯೇ ನೆನೆದು ಬರೆಸುತ್ತಾಳೆ.